ಕಬ್ಬಿಣದ ಮುಖದ ವರ

"ಬಲಕ್ಕ ಇನ್ನಾ ಸ್ವಲ್ಪ ಎತ್ರಿ, ಮುತ್ಯಾ ವಾಲ್ಯಾನ" ಎಂದು ಪಲ್ಲವಿ ಕೆಳಗೆ ನಿಂತು ಹೇಳುತ್ತಿದ್ದಳು. ಲೈಟಿನ ಕಂಬಕ್ಕೂ ಎದುರುಮನೆಯ ಕಿಟಕಿಯ ಸರಳಿಗೂ ನಡುವೆ ಫ್ಲೆಕ್ಸು ಕಟ್ಟುತ್ತಿದ್ದರು. ಗಾಳಿಗೆ ಅದು ಒಣಹಾಕಿದ ಸೀರೆಯಂತೆ ಉಬ್ಬಿ, ಮಡಚಿ, ಕೊನೆಗೊಮ್ಮೆ ಬಿಗಿಯಾಗಿ ನಿಂತಿತು. ಸತ್ತ ಅಜ್ಜನ ಮಣ್ಣಿಗೆ ಬಂದ ಜನ ತಲೆಯೆತ್ತಿ ನೋಡಿದರು. ನೋಡಿದವರು ಮಾತು ನಿಲ್ಲಿಸಿದರು.

ಒಳಗೆ ಗಂಡನ ತಲೆಯ ಹತ್ತಿರ ಕುಳಿತಿದ್ದ ಮರೆವ್ವನಿಗೆ ಹೊರಗಿನ ಗುಜುಗುಜು ಒಮ್ಮೆಲೇ ನಿಂತದ್ದು ವಿಚಿತ್ರವೆನಿಸಿತು. ಸಿಂದಗಿಯ ಈ ಓಣಿ ಯಾರು ಸತ್ತರೂ ಇಷ್ಟು ಸುಮ್ಮನಾದದ್ದಿಲ್ಲ. ಅವಳು ಗೋಡೆ ಹಿಡಿದು ಎದ್ದು ಹೊಸ್ತಿಲಿಗೆ ಬಂದಳು.

ಮೇಲೆ ಕೆಂಪಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ಅದರ ಕೆಳಗೆ ಅವಳ ಗಂಡ ಮಾನಪ್ಪನಿದ್ದ. ಆದರೆ ತಲೆಗೆ ಕಬ್ಬಿಣದ ದೊಡ್ಡದೊಂದು ಶಿರಸ್ತ್ರಾಣ. ಕಿವಿ, ಗದ್ದ, ಕುತ್ತಿಗೆ ಎಲ್ಲ ಅದರೊಳಗೆ. ಮುಖದ ಮುಚ್ಚಳ ಹಣೆಯ ಮೇಲಕ್ಕೆ ಎತ್ತಿಕೊಂಡಿತ್ತು. ಹಾಗೆ ತೆರೆದ ಬಾಯಿಯಲ್ಲಿ ಅವನ ಬಿಳಿ ಮೀಸೆ, ಹಿಗ್ಗಿದ ಎರಡು ಕಣ್ಣು. ಫ್ಲೆಕ್ಸಿನ ಅಂಗಡಿಯ ತೌಸಿಫ ಚಿತ್ರ ನೋಡಿ ತಾನೇ ಏನೋ ಅರ್ಥ ಮಾಡಿಕೊಂಡು, ಒಂದು ಮೂಲೆಗೆ ತ್ರಿವರ್ಣ ಧ್ವಜ, ಇನ್ನೊಂದು ಮೂಲೆಗೆ ತೋಪು ಹಾಕಿದ್ದ. ತೋಪಿನ ಬಾಯಿ ಸರಿಯಾಗಿ ಎದುರುಮನೆಯ ಕಡೆಗಿತ್ತು.

"ಯಾಕ ಇದನ್ನ ಹಾಕಿದಿ ಬೇ?" ಎಂದಳು ಮರೆವ್ವ ಮೊಮ್ಮಗಳಿಗೆ.

"ಬ್ಯಾರೆ ಎಲ್ಲಾ ಫೋಟೋದಾಗೂ ಮುತ್ಯಾ ಕಣ್ಣ ಮುಚ್ಯಾನ ಆಯಿ. ಇದೊಂದರಾಗ ಅಷ್ಟ ತೆರದಾನ."

ಅದು ನಿಜ. ಕ್ಯಾಮೆರಾ ಎತ್ತಿದರೆ ಸಾಕು, ಮಾನಪ್ಪನ ಕಣ್ಣು ಮುಚ್ಚುತ್ತಿದ್ದವು. ಮಗನ ಮದುವೆಯ ಆಲ್ಬಮ್ಮಿನ ತುಂಬ ಅವನು ನಿದ್ದೆ ಮಾಡುತ್ತಲೇ ಅಕ್ಕಿಕಾಳು ಹಾಕಿದ್ದಾನೆ.

ಮರೆವ್ವ ಮತ್ತೊಮ್ಮೆ ಮೇಲೆ ನೋಡಿದಳು. "ಇರ್ಲಿ ಬಿಡು. ಒಳಗ ಮುಚ್ಕೊಂಡ ಮಲಗ್ಯಾನ, ಹೊರಗರ ತೆರಕೊಂಡಿರ್ಲಿ."

ಆದರೆ ಮಗ ಧರ್ಮರಾಜನಿಗೆ ಅದು ಸರಿಬರಲಿಲ್ಲ. ಅವನು ಮುದ್ದೇಬಿಹಾಳದಲ್ಲಿ ಹೈಸ್ಕೂಲಿನ ಹೆಡ್‌ಮಾಸ್ತರ. ಸಹೋದ್ಯೋಗಿಗಳು ಗಾಡಿ ಮಾಡಿಕೊಂಡು ಬರುವವರಿದ್ದರು. "ತಗೀರಿ ಅದನ್ನ, ಮೊದಲ ತಗೀರಿ" ಎಂದು ಮಗಳ ಮೇಲೆ ಕಣ್ಣು ಬಿಟ್ಟ. ಕಟ್ಟಿದವರು ಆಗಲೇ ನಿಚ್ಚಣಿಕೆ ಹೊತ್ತುಕೊಂಡು ಹೋಗಿಬಿಟ್ಟಿದ್ದರು. ಅದು ಕಿರಾಣಿ ಅಂಗಡಿಯವರದು, ಅವರಿಗೆ ಕೂಡಲೇ ಬೇಕಾಗಿತ್ತಂತೆ. ಹೀಗಾಗಿ ಮಾನಪ್ಪ ಮೇಲೆಯೇ ಉಳಿದ.

ಜೀವಮಾನವಿಡೀ ಅದೇ ಊರಿನಲ್ಲಿ ಓಡಾಡಿದ ಮನುಷ್ಯನಾದರೂ, ಫ್ಲೆಕ್ಸಿನಲ್ಲಿ ಬಂದದ್ದೇ ಬೇರೆಯವನಾಗಿಬಿಡುತ್ತಾನೆ. ಪಕ್ಕದ ಓಣಿಯ ತಿಪ್ಪವ್ವ ಬಂದು, ಎದೆ ಬಡಿದುಕೊಂಡು ಅತ್ತು, ಕಣ್ಣೊರೆಸಿಕೊಂಡು ಮರೆವ್ವನ ಕಿವಿಯಲ್ಲಿ, "ಮಾನಪ್ಪಣ್ಣ ಮಿಲ್ಟ್ರಿಯಾಗ ಇದ್ದದ್ದು ನಮಗ ಹೇಳಲೇ ಇಲ್ಲಲ್ಲ ಬೇ ನೀನು" ಎಂದಳು. ಮರೆವ್ವ ಉತ್ತರ ಕೊಡುವುದರೊಳಗೆ ಅವಳು ಇನ್ನೊಬ್ಬಳ ಕಿವಿ ಹಿಡಿದಿದ್ದಳು. ಬಿಸಿಲು ಏರುವ ಹೊತ್ತಿಗೆ ಮಾನಪ್ಪ ಗಡಿಯಲ್ಲಿ ಗುಂಡು ತಿಂದು ಬಂದವನಾಗಿದ್ದ. ಗುಂಡು ಇನ್ನೂ ತೊಡೆಯಲ್ಲೇ ಇತ್ತು, ಅದಕ್ಕೇ ಕುಂಟುತ್ತಿದ್ದ ಎಂದು ಯಾರೋ ಹೇಳಿದರು. ಅವನು ಕುಂಟುತ್ತಿದ್ದದ್ದು ಪುರಸಭೆಯ ಗಟಾರದಲ್ಲಿ ಬಿದ್ದು.

ಆಮೇಲೆ ಸುನೀಲಕುಮಾರ ಬಂದ. ಸೈನ್ಯದಿಂದ ನಿವೃತ್ತನಾಗಿ ಬಂದ ಹವಾಲ್ದಾರ, ಹೊಸ ಬಡಾವಣೆಯವನು. ಜೊತೆಗೆ ಇನ್ನಿಬ್ಬರು ಮಾಜಿ ಸೈನಿಕರು. ಮೂವರೂ ಕೋಟಿನ ಮೇಲೆ ಪದಕ ಹಾಕಿಕೊಂಡು, ದುಂಡನೆಯ ಹೂವಿನ ಚಕ್ರ ಹಿಡಿದುಕೊಂಡು, ಹೆಜ್ಜೆ ಕೂಡಿಸಿ ಓಣಿಯಲ್ಲಿ ನಡೆದು ಬಂದರು. ಜನ ತಾವಾಗಿಯೇ ದಾರಿ ಬಿಟ್ಟರು.

ಹೂವಿನ ಚಕ್ರ ಹೆಣದ ಕಾಲ ಬಳಿ ಇಟ್ಟು ಸುನೀಲಕುಮಾರ ಧರ್ಮರಾಜನ ಕೈ ಹಿಡಿದ. "ನಮ್ಮ ಊರಾಗ ಇಷ್ಟು ಹಿರಿಯ ಸೈನಿಕರು ಇದ್ದದ್ದು ನಮಗ ಗೊತ್ತಿರಲಿಲ್ರಿ. ಯಾವುದ್ರಾಗ ಇದ್ರು?"

ಧರ್ಮರಾಜನ ಬೆನ್ನ ಹಿಂದೆ ಆಗತಾನೆ ಬಂದ ಹೈಸ್ಕೂಲಿನ ಮಾಸ್ತರರು ನಿಂತಿದ್ದರು. ಅವನು ಒಮ್ಮೆ ಹೊರಳಿ ಅವರನ್ನು ನೋಡಿದ. "ವಾಟರ್... ಸಪ್ಲಾಯ್‌ದಾಗ ಇದ್ರು" ಎಂದ.

ಸುನೀಲಕುಮಾರ ಗಂಭೀರವಾಗಿ ತಲೆದೂಗಿದ. "ಸಪ್ಲಾಯ್. ಮಂದಿ ಗುಂಡು ಹಾರಿಸಿದವರನ್ನ ನೆನಸ್ತಾರ. ಹೊತ್ತಿಗೆ ಸರಿಯಾಗಿ ಸಾಮಾನು ಮುಟ್ಟಿಸಿದವರನ್ನ ಯಾರೂ ನೆನಸೂದಿಲ್ರಿ."

"ಹೌದ್ರಿ" ಎಂದ ಧರ್ಮರಾಜ, ನೆಲ ನೋಡುತ್ತ.

ಹೆಣದ ತಲೆಯ ಬಳಿ ಕುಳಿತಿದ್ದ ಮರೆವ್ವನಿಗೆ ಎಲ್ಲ ಕೇಳಿಸಿತು. ಹೊತ್ತಿಗೆ ಸರಿಯಾಗಿ ಎಂಬ ಮಾತು ಕೇಳಿ ಅವಳಿಗೆ ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. ಮಾನಪ್ಪ ಪುರಸಭೆಯ ವಾಲ್‌ಮನ್ ಆಗಿದ್ದ. ವಾಲ್ವು ತಿರುಗಿಸುವ ಉದ್ದನೆಯ ಕೀಲಿ ಹೆಗಲ ಮೇಲೆ ಹೊತ್ತುಕೊಂಡು ಓಣಿ ಓಣಿಗೆ ನೀರು ಬಿಡುವ ಕೆಲಸ. ಕೆರೆಯಲ್ಲಿ ನೀರಿಲ್ಲದಿದ್ದರೆ, ಪಂಪು ಸುಟ್ಟರೆ, ಪೈಪು ಒಡೆದರೆ, ಕರೆಂಟು ಹೋದರೆ ಊರಿನ ಹೆಂಗಸರು ಬೈಯುತ್ತಿದ್ದದ್ದು ಅವನನ್ನು. "ನೀರಿಗೆ ಕಿವಿ ಇಲ್ಲ. ನನಗದಾವ. ಬೈಲಿ ಬಿಡು" ಎನ್ನುತ್ತಿದ್ದ.

ಆ ಹೊತ್ತಿಗೆ ರಮಜಾನ ಬಂದ. ಮಾನಪ್ಪನ ಜೊತೆ ಪುರಸಭೆಗೆ ಸೇರಿ ಪಂಪು ನಡೆಸಿದವನು, ಗೆಳೆಯ, ಈಗ ಮೊಣಕಾಲು ಕೈಕೊಟ್ಟ ಮುದುಕ. ಮೊಮ್ಮಗನ ಬೈಕಿನಿಂದ ಅಳುತ್ತಲೇ ಇಳಿದ. ಟೋಪಿ ಸರಿಮಾಡಿಕೊಂಡು ತಲೆಯೆತ್ತಿದ. ಫ್ಲೆಕ್ಸು ಕಂಡಿತು. ಅಳುತ್ತಿದ್ದ ಬಾಯಿ ಹಾಗೇ ತೆರೆದುಕೊಂಡು ಅದರಿಂದ ನಗೆ ಹೊರಬಂತು. ತಡೆಯಲು ನೋಡಿದ, ಆಗಲಿಲ್ಲ. ಕಂಬ ಹಿಡಿದುಕೊಂಡು ನಕ್ಕ. ಮಣ್ಣಿಗೆ ಬಂದ ಮಂದಿ ಅವನನ್ನು ಕೊಲೆಗಾರನನ್ನು ನೋಡಿದಂತೆ ನೋಡಿದರು.

"ಕಾಕಾ, ಏನಿದು" ಎಂದು ಧರ್ಮರಾಜ ತೋಳು ಹಿಡಿದ.

"ಬಿಡೋ. ಅಂವಾ ಎದ್ದು ಇದನ್ನ ನೋಡಿದ್ರ ನನಗಿಂತ ಜಾಸ್ತಿ ನಗ್ತಿದ್ದ" ಎನ್ನುತ್ತ ರಮಜಾನ ಒಳಗೆ ಬಂದು, ಹೆಣದ ಪಕ್ಕದಲ್ಲೇ ಕಾಲು ಚಾಚಿ ಕುಳಿತ. ಸುನೀಲಕುಮಾರನ ಪದಕಗಳನ್ನು ನೋಡಿದ. "ಇವರು ಯಾಕ ಬಂದಾರ?"

"ಮಾನಪ್ಪಣ್ಣ ಯುದ್ಧದಾಗ ಇದ್ದನಲ್ರಿ" ಎಂದಳು ತಿಪ್ಪವ್ವ.

"ಯುದ್ಧ?" ರಮಜಾನ ಕಣ್ಣೊರೆಸಿಕೊಂಡ. "ಇದ್ದ. ನಾನೂ ಇದ್ದೆ. ಕನ್ಯಾ ನೋಡಾಕ ಹೋದಾಗ ಆಗಿದ್ದದು. ಕಬ್ಬಿಣದ ಟೊಪ್ಪಿಗಿ ಇವನ ತಲಿಗಿ ಸಿಕ್ಕೊಂತು. ನಾನ ನಟ್ಟು ತಿರವೂ ಪಾನಾ ತಗೊಂಡು ಬಿಚ್ಚಿದೆ..."

"ಸುಳ್ಳ ಹೇಳಬ್ಯಾಡ ರಮಜಾನಣ್ಣ" ಎಂದಳು ಮರೆವ್ವ. ಬೆಳಗಿನಿಂದ ಅವಳು ದನಿ ಎತ್ತಿದ್ದು ಅದೇ ಮೊದಲು. "ಹೆಣದ ಮುಂದ ಕುಂತೀದಿ. ಪಾನಾ ಎಲ್ಲಿತ್ತು ನಿನ್ನ ಕೈಯಾಗ? ನೀ ಬಾಗಿಲ ಹಿಂದ ಅಡಗಿದ್ದಿ."

* * *

ಮರೆವ್ವನ ತವರು ತಾಳಿಕೋಟೆಯಾಚೆ, ಡೋಣಿ ಹೊಳೆಯ ದಂಡೆಯ ಮೇಲಿನ ಒಂದು ಹಳ್ಳಿ. ಅಲ್ಲಿಯ ದೇಸಾಯರ ವಾಡೆಯಲ್ಲಿ ಅವಳಪ್ಪ ಕಾವಲುಗಾರ. ವಾಡೆಯ ಉದ್ದನೆಯ ಪಡಸಾಲೆಯೊಂದರ ತುಂಬ ಹಳೆಯ ಕಾಲದ ಆಯುಧಗಳಿದ್ದವು. ಗೋಡೆಗೆ ಕತ್ತಿ, ಗುರಾಣಿ, ಬಾಕು. ಮೂಲೆಯಲ್ಲಿ ಉದ್ದ ನಳಿಕೆಯ ಬಂದೂಕು. ಮರದ ಗೊಂಬೆಗಳ ಮೈಮೇಲೆ ಕಬ್ಬಿಣದ ಬಳೆ ಹೆಣೆದು ಮಾಡಿದ ಸರಪಳಿ ಅಂಗಿಗಳು. ಎಲ್ಲಕ್ಕಿಂತ ವಿಚಿತ್ರವಾದದ್ದು ಯಾವ ಕಾಲದಲ್ಲೋ ದೇಸಾಯರ ಅಜ್ಜ ಒಬ್ಬ ಸಾಹೇಬನಿಂದ ಕೊಂಡ ವಿಲಾಯಿತಿ ಶಿರಸ್ತ್ರಾಣ. ಇಡೀ ತಲೆ ಮುಚ್ಚುವಂಥದ್ದು, ಮುಂದೆ ಎತ್ತಿ ಇಳಿಸುವ ಮುಚ್ಚಳ, ಕಣ್ಣಿಗೆ ಒಂದು ಸೀಳು. ದೇಸಾಯರು ತಮಗೆ ಬೇಕಾದವರಿಗೆ ಮಾತ್ರ ತೋರಿಸುತ್ತಿದ್ದರು. ಉಳಿದ ದಿನ ಕೀಲಿ ಮರೆವ್ವನ ಅಪ್ಪನ ಸೊಂಟದಲ್ಲಿ.

ಸಿಂದಗಿಯಿಂದ ಕನ್ಯೆ ನೋಡಲು ಬಂದವರು ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದುಬಿಟ್ಟರು. ಸಿರಾಕ್ಕೆ ರವೆ ಇನ್ನೂ ಹುರಿದಿರಲಿಲ್ಲ. ಮರೆವ್ವ ಒದ್ದೆ ತಲೆಯಲ್ಲಿ ಹಿತ್ತಲಲ್ಲಿದ್ದಳು. ಅಪ್ಪನಿಗೆ ಏನು ಮಾಡಬೇಕೋ ತಿಳಿಯದೆ, ದೇಸಾಯರು ಊರಲ್ಲಿಲ್ಲವೆಂಬ ಧೈರ್ಯದ ಮೇಲೆ, ವರ ಮಾನಪ್ಪನನ್ನೂ ಗೆಳೆಯ ರಮಜಾನನನ್ನೂ ಆಯುಧದ ಪಡಸಾಲೆಗೆ ಕರೆದುಕೊಂಡು ಹೋದ. ಮಾವನಾಗುವವನ ಕೈಯಲ್ಲಿ ಎಂಥೆಂಥ ಕೀಲಿ ಇವೆ ಎಂದು ಅಳಿಯನಾಗುವವನೂ ನೋಡಲಿ ಎಂದು.

"ಮುಟ್ಟಿ ನೋಡ್ರಿ, ನಾ ಇದ್ದೇನಲ್ಲ" ಎಂದ ಅಪ್ಪ. ರಮಜಾನ ಮುಟ್ಟಿದ್ದಷ್ಟೇ ಅಲ್ಲ, ಶಿರಸ್ತ್ರಾಣ ಎತ್ತಿ ಗೆಳೆಯನ ಕೈಗಿಟ್ಟ. "ಹಾಕ್ಕೊಳೋ, ಹೆಂಗ ಕಾಣ್ತಿ ನೋಡೋಣ. ಇವತ್ತ ಬಿಟ್ರ ಜನ್ಮದಾಗ ರಾಜ ಆಗೂದಿಲ್ಲ ನೀನು."

ಮಾನಪ್ಪ ಹಾಕಿಕೊಂಡ. ಟಕ್ಕೆಂದು ಮುಚ್ಚಳ ಬಿತ್ತು. ತುಕ್ಕು ಹಿಡಿದ ಕೀಲು ಕಚ್ಚಿಕೊಂಡಿತು.

ಮೊದಲು ನಕ್ಕರು. ಆಮೇಲೆ ಎಳೆದರು. ರಮಜಾನ ತಲೆ ಹಿಡಿದ, ಅಪ್ಪ ಸೊಂಟ ಹಿಡಿದ. "ತಲಿ ಬರೂ ಹಂಗ ಐತಿ, ಇದು ಬರೂ ಹಂಗಿಲ್ಲ" ಎಂಬ ದನಿ ಬಾವಿಯೊಳಗಿಂದ ಬಂದಂತೆ ಬಂತು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸಪ್ಪಳವಾಯಿತು. ದೇಸಾಯಿ ಗುರುರಾಜರು, ಅವರ ಹೆಂಡತಿ ರಂಗೂಬಾಯಿ, ಇಂಡಿ ಊರಿನಿಂದ ಬಂದ ಬೀಗರು.

ಅಪ್ಪ ಬಾಗಿಲಿಗೆ ಹೋಗಿ ಇಣುಕಿ ಓಡಿಬಂದ. "ನನ್ನ ನೌಕರಿ ಹೋತು" ಎಂದ. ಗಡಿಬಿಡಿಯಲ್ಲಿ ಒಂದು ಸರಪಳಿ ಅಂಗಿಯನ್ನು ಮಾನಪ್ಪನ ಮೇಲೆ ಹೇರಿ, ಕೈಗೆ ಗುರಾಣಿ ಕೊಟ್ಟು, ಗೊಂಬೆಗಳ ಸಾಲಿನಲ್ಲಿ ನಿಲ್ಲಿಸಿದರು. ರಮಜಾನ ಬಾಗಿಲ ಹಿಂದೆ ಮಾಯವಾದ.

ಇದನ್ನೆಲ್ಲ ಮರೆವ್ವ ಪಡಸಾಲೆಯ ಕಿಟಕಿಯಿಂದ ನೋಡಿದಳು. ಹೆಣೆಯದ ಜಡೆಯಲ್ಲೇ ಓಡಿಬಂದಿದ್ದಳು. ಆಯುಧಗಳ ಬಗ್ಗೆ ದೇಸಾಯರು ಬೀಗರಿಗೆ ಇಂಗ್ಲಿಷು ಬೆರೆಸಿ ಹೇಳುತ್ತ ಬಂದರು. ರಂಗೂಬಾಯಿ ಕಬ್ಬಿಣದ ಮುಖದ ಗೊಂಬೆಯ ಮುಂದೆ ನಿಂತರು.

"ಏನ್ರೀ, ಇದಕ್ಕ ಕಾಲಾಗ ಚಪ್ಪಲ್ ಅವ."

"ಹಳೇ ಕಾಲದ ಮಂದಿನೂ ಹಾಕ್ತಿದ್ರು" ಎಂದರು ದೇಸಾಯರು, ತಿರುಗಿಯೂ ನೋಡದೆ.

"ಬಾಟಾದ್ದು?"

ಆಗ ಗೊಂಬೆಯ ಹೊಟ್ಟೆ ಗುರ್ರೆಂದಿತು. ಬೆಳಗಿನ ಬಸ್ಸು ಹಿಡಿದ ಮನುಷ್ಯ, ಸಿರಾದ ಆಸೆಗೆ ಏನೂ ತಿಂದಿರಲಿಲ್ಲ. ರಂಗೂಬಾಯಿ ಹತ್ತಿರ ಬಂದು ಕಿವಿಗೊಟ್ಟರು. ಒಳಗಿನ ತುಕ್ಕಿನ ಪುಡಿ ಮಾನಪ್ಪನ ಮೂಗಿಗೆ ಹೋಯಿತು. ಅವನು ಸೀನಿದ. ಗುರಾಣಿ ಕೈಜಾರಿ ಬಿದ್ದು, ಉರುಳುತ್ತ ಹೋಗಿ ಇಂಡಿಯ ಬೀಗರ ಕಾಲಿಗೆ ಬಡಿಯಿತು. ಬೀಗರು ದೇಸಾಯರನ್ನು ತಬ್ಬಿಕೊಂಡರು.

ದೇಸಾಯರು ನೇರವಾಗಿ ಮರೆವ್ವನ ಅಪ್ಪನ ಕಡೆ ತಿರುಗಿದರು. "ಕೀಲಿ ಯಾರ ಕೈಯಾಗ ಇರ್ತಾವ?"

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ಕೈಯಲ್ಲಿದ್ದ ಕೀಲಿಗೊಂಚಲು ತಾನಾಗಿ ಗಲಗಲ ಅನ್ನುತ್ತಿತ್ತು.

"ಅವರದೇನೂ ತಪ್ಪಿಲ್ರಿ ಯಜಮಾನ್ರ" ಎಂದಿತು ಕಬ್ಬಿಣದ ಮುಖ. "ಬ್ಯಾಡ ಬ್ಯಾಡ ಅಂದ್ರು. ನಾ ಕೇಳಲಿಲ್ಲ. ಹಾಕ್ಕೊಂಡಾಂವ ನಾನು, ಬೈಯೂದಿದ್ರ ನನಗ ಬೈರಿ. ಆದರ ಸ್ವಲ್ಪ ಜೋರಾಗಿ ಬೈರಿ, ಒಳಗ ಸರಿಯಾಗಿ ಕೇಳ್ಸೂದಿಲ್ಲ."

ರಂಗೂಬಾಯಿಗೆ ನಗೆ ತಡೆಯಲಿಲ್ಲ. "ಯಾರಪ್ಪಾ ನೀನು?"

"ಕನ್ಯಾ ನೋಡಾಕ ಬಂದಾಂವ ನಾನ್ರಿ."

"ಹಿಂಗ ನೋಡ್ತೀಯೇನು?" ಎಂದ ರಂಗೂಬಾಯಿ ಕಿಟಕಿಯಲ್ಲಿ ಮರೆವ್ವನನ್ನು ಕಂಡು ಒಳಗೆ ಕರೆದರು. "ಬಾ ಇಲ್ಲಿ ಹುಡಿಗಿ. ಇವನ ನಿನ್ನ ವರಾ ಅಂತ. ಒಪ್ಪಿಗಿ ಅದ ಏನು?"

ಅದು ಚೇಷ್ಟೆಯ ಮಾತು. ಎಲ್ಲರೂ ನಗಲು ತಯಾರಾಗಿದ್ದರು.

"ಹೂಂರಿ" ಎಂದಳು ಮರೆವ್ವ.

"ಅಯ್ಯ, ಮುಖಾನ ನೋಡಿಲ್ಲಲ್ಲ ನೀನು!"

"ಆಮ್ಯಾಲ ನೋಡಿದ್ರಾತ್ರಿ. ಎಲ್ಲಿ ಹೋಗ್ತೈತಿ ಅದು."

ದೇಸಾಯರೂ ನಕ್ಕುಬಿಟ್ಟರು. ನೌಕರಿ ಉಳಿಯಿತು. ರಂಗೂಬಾಯಿಯೇ ಹೇಳಿದ್ದರಿಂದ ಮರೆವ್ವ ಕುಸುಬಿ ಎಣ್ಣೆ ತಂದು ಮುಚ್ಚಳದ ಕೀಲಿನ ಸಂದಿಗೆ ಬಿಟ್ಟಳು, ಕಡಗೋಲಿನ ತುದಿಯಿಂದ ಮೀಟಿದಳು. ಸಂಜೆಯಾಗುತ್ತ ಬಂದಾಗ ಮುಚ್ಚಳ ಕಿರುಗುಟ್ಟಿ ಎದ್ದಿತು. ಒಳಗಿನಿಂದ ಎಣ್ಣೆ, ಬೆವರು, ತುಕ್ಕು ಕೂಡಿ ಮೆತ್ತಿದ ಒಂದು ಸಾದಾ ಮುಖ ಹೊರಗೆ ಇಣುಕಿತು. ಮರೆವ್ವನಿಗೆ, ಸುಳ್ಳೇಕೆ, ಒಂದು ಚೂರು ನಿರಾಸೆಯೇ ಆಯಿತು. ಕಬ್ಬಿಣದ್ದೇ ಚಲೋ ಇತ್ತು.

* * *

ಮರೆವ್ವ ಹೇಳಿದ ಕತೆ ಮುಗಿಯುವ ಹೊತ್ತಿಗೆ ಮಣ್ಣಿಗೆ ಬಂದವರಲ್ಲಿ ಅರ್ಧ ಮಂದಿ ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡಿದ್ದರು. ಮುದ್ದೇಬಿಹಾಳದ ಮಾಸ್ತರರಲ್ಲಿ ಒಬ್ಬರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಅಲುಗಾಡುತ್ತಿತ್ತು.

ನಗದೆ ನಿಂತವನು ಸುನೀಲಕುಮಾರನೊಬ್ಬನೇ. ಧರ್ಮರಾಜ ಅವನ ಮುಂದೆ ಹೋಗಿ ನಿಂತ. "ತಪ್ಪು ತಿಳಕೋಬ್ಯಾಡ್ರಿ. ನಮ್ಮಪ್ಪ ಸೈನ್ಯದಾಗ ಇರಲಿಲ್ಲ. ಆಗ ಹೇಳಬೇಕಾಗಿತ್ತು, ನನಗ ಬಾಯಿ ಬರಲಿಲ್ಲ. ಪುರಸಭಿ ವಾಲ್‌ಮನ್ ಇದ್ದ. ನೀರು ಬಿಡ್ತಿದ್ದ."

"ವಾಲ್‌ಮನ್ ಮಾನಪ್ಪ?" ಸುನೀಲಕುಮಾರ ಹೆಣದ ಮುಖವನ್ನು ಈಗ ಬಗ್ಗಿ ನೋಡಿದ. "ಇವರೇನ್ರಿ ಅವರು?"

"ಗೊತ್ತೇನ್ರಿ ನಿಮಗ?"

"ಮುಖಾ ನೋಡಿರಲಿಲ್ಲ. ನಾ ಕಾಶ್ಮೀರದಾಗ ಇದ್ದಾಗ ನನ್ನ ಹೆಂಡ್ತಿ ಫೋನ್ ಮಾಡಿದ್ರ ಮೊದಲ ಇವರನ್ನ ಬೈತಿದ್ಲು. ಆಮ್ಯಾಲ ನೀವು ಹೆಂಗದೀರಿ ಅಂತ ಕೇಳ್ತಿದ್ಲು. ಬೈಗುಳ ಕೇಳಿದ್ರ ನನಗ ಸಮಾಧಾನ ಆಗ್ತಿತ್ರಿ. ಮನ್ಯಾಗ ಎಲ್ಲಾ ಸರಿ ಐತಿ, ಬರೇ ನೀರು ಬಂದಿಲ್ಲ ಅಂತ."

ಹೂವಿನ ಚಕ್ರ ವಾಪಸು ಒಯ್ಯುತ್ತಾರೇನೋ ಎಂದು ಎಲ್ಲರೂ ನೋಡುತ್ತಿದ್ದರು. ಸುನೀಲಕುಮಾರ ಬಗ್ಗಿ ಅದರ ಜರಿ ಪಟ್ಟಿಯನ್ನು ಸರಿಮಾಡಿ, ಅಲ್ಲಿಯೇ ಬಿಟ್ಟು ಹಿಂದೆ ಸರಿದು ನಿಂತ.

"ಎಲ್ಲಾ ಆತು" ಎಂದಳು ತಿಪ್ಪವ್ವ. "ಮುಖಾ ನೋಡದ ಯಾಕ ಹೂಂ ಅಂದಿ ಬೇ? ಖರೇ ಹೇಳು."

* * *

ಅದೇ ಪ್ರಶ್ನೆಯನ್ನು ಹೋದ ವರ್ಷ ಮಾನಪ್ಪನೂ ಕೇಳಿದ್ದ.

ವಾಡೆ ಈಗ ಮ್ಯೂಜಿಯಮ್ ಆಗಿದೆ, ಟಿಕೀಟು ಇಟ್ಟಿದ್ದಾರೆ ಎಂದು ಪಲ್ಲವಿ ಎಲ್ಲೋ ಓದಿ, ಅಜ್ಜ ಅಜ್ಜಿಯನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಪಡಸಾಲೆ ಅದೇ, ಆದರೆ ಎಲ್ಲ ಗಾಜಿನ ಪೆಟ್ಟಿಗೆಯೊಳಗೆ, ಮೇಲೆ ಬೆಳಕು. ಕತ್ತಿಗಳು ಹೊಸ ಸ್ಟೀಲಿನ ಪಾತ್ರೆಗಳಂತೆ ಹೊಳೆಯುತ್ತಿದ್ದವು. ಮಾನಪ್ಪ ಯಾವುದನ್ನೂ ನೋಡದೆ ಸೀದಾ ಶಿರಸ್ತ್ರಾಣದ ಮುಂದೆ ಹೋಗಿ ನಿಂತ. ಮುಖದ ಮುಚ್ಚಳ ಎತ್ತಿ ಇಟ್ಟಿದ್ದರು. ಕೆಳಗೆ ಚೀಟಿ ಇತ್ತು. ಕನ್ನಡಕ ಏರಿಸಿ ಓದಿದ. 'ಯುರೋಪಿನ ಶಿರಸ್ತ್ರಾಣ. ಉಕ್ಕು. ಬಳಸಿದ ಗುರುತುಗಳಿಲ್ಲ.'

"ಬಳಸಿದ ಗುರುತಿಲ್ಲ ಅಂತ" ಎಂದ ಮಾನಪ್ಪ. ಸಿಟ್ಟು ಬಂದಿತ್ತು ಅವನಿಗೆ. ಕಾವಲಿನವನನ್ನು ಕರೆದ. "ತಮ್ಮಾ, ಇದು ತಪ್ಪೈತಿ. ನಾ ಬಳಸೇನಿ ಇದನ್ನ."

ಕಾವಲಿನವನು ಸಮಾಧಾನದಿಂದ, "ಎಲ್ಲಾರೂ ಹಂಗ ಅಂತಾರ ಅಜ್ಜಾ. ಮೊನ್ನೆ ಒಬ್ಬಾಂವ ಆ ತೋಪು ನಮ್ಮ ಮುತ್ಯಾಂದು, ಒಯ್ತೇನಿ ಅಂದ" ಎಂದು ಮುಂದೆ ಹೋದ.

ಮಾನಪ್ಪ ಗಾಜಿನ ಹತ್ತಿರಕ್ಕೆ ಮುಖ ತಂದು ಒಳಗೆ ನೋಡುತ್ತ ನಿಂತ. "ಏ ಮರೆವ್ವ, ಅವತ್ತ ಯಾಕ ಹೂಂ ಅಂದಿ?"

"ಮುಖಾ ಕಾಣ್ತಿರಲಿಲ್ಲಲ್ಲ, ಅದಕ್ಕ."

ಅವನ ಕಣ್ಣು ಅರಳಿದವು, ಮೀಸೆಯೊಳಗೆ ನಕ್ಕ. ಪಲ್ಲವಿ ಫೋಟೋ ಹೊಡೆದದ್ದು ಆಗ. ಗಾಜಿನಲ್ಲಿ ಮೂಡಿದ ಅವನ ಮುಖ ಶಿರಸ್ತ್ರಾಣದ ಬಾಯಿಯಲ್ಲಿ ಅಚ್ಚುಹೊಯ್ದಂತೆ ಕೂತಿತ್ತು.

"ನಾನೂ ಹಂಗ ತಿಳಕೊಂಡಿದ್ದೆ" ಎಂದ ಆಮೇಲೆ, ಮೆಲ್ಲಗೆ. "ಇಷ್ಟ ವರ್ಷ."

ಮರೆವ್ವನಿಗೆ ಅದು ಚುಚ್ಚಿತು. ಬಸ್ಸಿನಲ್ಲಿ ಹೇಳಬೇಕೆಂದುಕೊಂಡಳು. ಬಸ್ಸಿನಲ್ಲಿ ಅವನಿಗೆ ಹಿಂದೆಲ್ಲೋ ಸೀಟು ಸಿಕ್ಕಿತು. ಮನೆಗೆ ಬಂದರೆ ನೀರು ಬಂದಿತ್ತು. ಮರುದಿನ ಬೇಳೆ ಬಿಸಿಲಿಗೆ ಹಾಕುವುದಿತ್ತು. ಗಂಡನಿಗೆ ಹೇಳುವ ಮಾತಿಗೆ ಅವಸರವೇನು ಎಂದು ಬಿಟ್ಟಳು.

* * *

ಮರೆವ್ವ ತಿಪ್ಪವ್ವನ ಕಡೆ ನೋಡಲಿಲ್ಲ. ಗಂಡನ ಹಣೆಯ ಮೇಲೆ ಕೂತ ನೊಣ ಓಡಿಸಿ, ಅವನಿಗೇ ಹೇಳಿದಳು.

"ನಮ್ಮಪ್ಪನ ಕೈ ನಡಗಾಕತ್ತಿದ್ವು. ನೀ ಮಾತಾಡಿದ ಮ್ಯಾಲ ನಿಂತ್ವು. ಅದಕ್ಕ ಹೂಂ ಅಂದೆ. ಮುಖದ್ದೇನಿತ್ತು." ಅವನ ಮೀಸೆ ಸರಿಮಾಡಿ, "ಮುಖಾನೂ ಏನ್ ಅಷ್ಟ ಕೆಟ್ಟ ಇರಲಿಲ್ಲ ಬಿಡು" ಎಂದಳು.

ರಮಜಾನ ಟೋಪಿ ತೆಗೆದು ಮುಖ ಒರೆಸಿಕೊಂಡ. ಧರ್ಮರಾಜ ಹೊರಗೆ ಹೋಗಿ ಫ್ಲೆಕ್ಸಿನ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದ. ಆಮೇಲೆ ಯಾರೂ ನಿಚ್ಚಣಿಕೆಯ ಮಾತೆತ್ತಲಿಲ್ಲ.

ಬಿಳಿ ಬಟ್ಟೆ ಹೊದಿಸಿ, ಧರ್ಮರಾಜ 'ಬುದ್ಧಂ ಶರಣಂ ಗಚ್ಛಾಮಿ' ಎಂದು ಮೂರು ಸಲ ಹೇಳುವ ತ್ರಿಶರಣ ಸುರುಮಾಡಿದ. ಎಲ್ಲರೂ ಕೈಮುಗಿದು ಅವನ ಹಿಂದೆ ಹೇಳಿದರು. ಎರಡನೆಯ ಸಲ ಹೇಳುವಾಗ ಓಣಿಯ ಆ ತುದಿಯಿಂದ ಯಾರೋ, "ನೀರು ಬಂತು" ಎಂದರು.

ಹೆಂಗಸರ ದನಿ ತಗ್ಗಿತು. ಮುಗಿದ ಕೈ ಹಾಗೇ ಇದ್ದವು, ಕಣ್ಣು ಮಾತ್ರ ಒಬ್ಬರದು ಇನ್ನೊಬ್ಬರ ಕಡೆ ಹೋದವು. ಯಾರಿಗೂ ಮೊದಲು ಏಳುವ ಧೈರ್ಯವಿರಲಿಲ್ಲ.

"ಹೋಗ್ರಿ" ಎಂದಳು ಮರೆವ್ವ. "ಮತ್ತ ಯಾವಾಗ ಬಿಡ್ತಾರೋ ಏನೋ. ತುಂಬ್ಕೊಳ್ರಿ. ಇಲ್ಲಂದ್ರ ನಾಳೆನೂ ಇವಗ ಬೈತೀರಿ."

ಮೂರನೆಯ ಸಲ ಹೇಳುವಾಗ ಗಂಡಸರ ದನಿಯಷ್ಟೇ ಉಳಿದಿತ್ತು.

ಚಟ್ಟ ಎತ್ತಿದರು. ಒಂದು ಮಗ್ಗುಲಿಗೆ ರಮಜಾನ, ಮೊಣಕಾಲು ನೋಯುತ್ತಿದ್ದರೂ ಬಿಡದೆ, ಬಲ ಹೆಗಲು ಕೊಟ್ಟ. ಮರೆವ್ವ ಹಿಂದೆ ನಡೆದಳು. ಓಣಿಯ ಎರಡೂ ಬದಿಗೆ ನಳಗಳು ಸುರಿಯುತ್ತಿದ್ದವು. ಕೊಡ, ಬಕೀಟು, ಸಿಂಟೆಕ್ಸಿನ ಡ್ರಮ್ಮು. ಚಟ್ಟ ಹತ್ತಿರ ಬಂದಂತೆ ಹೆಂಗಸರು ಇದ್ದಲ್ಲಿಯೇ ಎದ್ದು ನಿಂತರು.

ಓಣಿ ತಿರುಗುವಲ್ಲಿ ಸುನೀಲಕುಮಾರ ಮತ್ತು ಅವನ ಜೊತೆಯವರು ಮೊದಲೇ ಹೋಗಿ ಸಾಲಾಗಿ ನಿಂತಿದ್ದರು. ಚಟ್ಟ ಎದುರಿಗೆ ಬಂದದ್ದೇ ಮೂವರ ಹಿಮ್ಮಡಿಗಳು ಒಟ್ಟಿಗೆ ಬಡಿದವು, ಮೂರು ಕೈ ಹಣೆಗೇರಿದವು. ಹೊತ್ತವರು ತಬ್ಬಿಬ್ಬಾಗಿ ನಿಂತರು. ರಮಜಾನನೂ ಕೈ ಎತ್ತಿದ. ಬಲ ಹೆಗಲ ಮೇಲೆ ಗೆಳೆಯನಿದ್ದುದರಿಂದ ಎಡಗೈ ಎತ್ತಿದ. ಹೈಸ್ಕೂಲಿನ ಮಾಸ್ತರರು ಎತ್ತಿದರು. ಆಮೇಲೆ ನಳದ ಹತ್ತಿರ ನಿಂತ ಹೆಂಗಸರು ಒಬ್ಬೊಬ್ಬರಾಗಿ, ಕೊಡ ಸೊಂಟದಲ್ಲಿದ್ದವರು ಇನ್ನೊಂದು ಕೈಯನ್ನು ಎತ್ತಿದರು.

ತಿಪ್ಪವ್ವನ ಒಂದು ಕೈಯಲ್ಲಿ ಕೊಡವಿತ್ತು, ಇನ್ನೊಂದರಲ್ಲಿ ನಳಕ್ಕೆ ಸಿಕ್ಕಿಸಿದ ಪೈಪು. ಅವಳು ಪೈಪು ಹಿಡಿದ ಕೈಯನ್ನೇ ಹಣೆಗೆ ಒಯ್ದಳು. ನೀರು ಅವಳ ತಲೆ, ಮುಖ, ಕುಪ್ಪಸ ತೋಯಿಸಿಕೊಂಡು ಕಾಲ ಕೆಳಗೆ ಹರಿಯತೊಡಗಿತು. ಸುನೀಲಕುಮಾರ ಇನ್ನೂ ಕೈ ಇಳಿಸಿರಲಿಲ್ಲ. ಅವಳೂ ಇಳಿಸಲಿಲ್ಲ.